ಹುಳುವಿಗೆ ಬಿಟ್ಟ ಸಾಲು: ಹೊಸದುರ್ಗದ ಒಂದು ರೇಷ್ಮೆ ಮನೆ ಮತ್ತು ಚಿಟ್ಟೆ ಸಾಕಣೆಯ ಲೆಕ್ಕ

ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಗೆ ನಾನು ಹೋಗುತ್ತಿದ್ದದ್ದು ಸ್ತ್ರೀಶಕ್ತಿ ಸಂಘದ ಸಭೆಗೆ. ಸಾಲದ ಕಂತು, ಹಸು, ಹೊಲಿಗೆ ಯಂತ್ರ, ಇಷ್ಟೇ ಮಾತು. ಒಂದು ಸಲ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬರು ಹಿಂದೆ ಉಳಿದರು. ಮೊಬೈಲ್ ಮುಂದೆ ಹಿಡಿದು, "ಮೇಡಂ, ಇದು ನಿಜಾನಾ ನೋಡಿ" ಅಂದರು.

ವಿಡಿಯೋದಲ್ಲಿ ಯಾವುದೋ ದೇಶದ ರೈತರು ಬಲೆ ಕಟ್ಟಿದ ಮನೆಯಲ್ಲಿ ಚಿಟ್ಟೆ ಸಾಕುತ್ತಿದ್ದರು. ಪ್ಯೂಪಾಗಳನ್ನು, ಅಂದರೆ ಹುಳು ಚಿಟ್ಟೆಯಾಗುವ ಮುಂಚಿನ ಕೋಶಗಳನ್ನು, ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ತುಂಬಿ ವಿಮಾನಕ್ಕೆ ಕಳಿಸುತ್ತಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ, ಮನೆಯಲ್ಲೇ ಕೂತು ಲಕ್ಷ ಗಳಿಸಿ ಅಂತ ಬರೆದಿತ್ತು.

"ನಾವು ಹೆಂಗೂ ಹುಳ ಸಾಕೋರೇ ಅಲ್ವಾ" ಅಂದರು ಅವರು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೊಟ್ಟೆಯಿಂದ ಗೂಡಿನ ತನಕ ಹುಳುವಿನ ಹಸಿವು, ನಿದ್ದೆ, ಕಾಯಿಲೆ ಎಲ್ಲ ಗೊತ್ತಿರುವ ಮನೆ ಅದು. ಚಿಟ್ಟೆ ಸಾಕಣೆ ಯಾರಿಗಾದರೂ ಕೈಗೂಡುವುದಾದರೆ ಇಂಥವರಿಗೇ ಕೈಗೂಡಬೇಕು. ಆಮೇಲಿನ ಒಂದೂವರೆ ವರ್ಷ ಆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅದೇ ವಿಡಿಯೋ ನೋಡಿ ಬಲೆ ಕೊಳ್ಳಲು ಹೊರಟವರು ಇದನ್ನು ಮೊದಲು ಓದಲಿ ಅನ್ನುವುದು ನನ್ನ ಆಸೆ.

ಮನೆ, ಹೊಲ

ಊರಿನ ಹೆಸರು, ಮನೆಯವರ ಹೆಸರು ಹಾಕುತ್ತಿಲ್ಲ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಮನೆಯಲ್ಲಿ ಅಕ್ಕ, ಅವರ ಯಜಮಾನರು, ಅತ್ತೆ, ಪಿಯುಸಿ ಓದುವ ಮಗಳು. ಎರಡೂವರೆ ಎಕರೆ ಜಮೀನು. ಒಂದು ಎಕರೆ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ, ಶೇಂಗಾ. ಬೋರ್‌ವೆಲ್ ಒಂದು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಅಣೆಕಟ್ಟು ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ಬೋರಿಗೆ ಮತ್ತೆ ಜೀವ ಬಂತು ಅಂತ ಅತ್ತೆ ಈಗಲೂ ಹೇಳುತ್ತಾರೆ. ಹಿಪ್ಪುನೇರಳೆ ಮತ್ತೆ ಹಾಕಿದ್ದೇ ಆ ಧೈರ್ಯದ ಮೇಲೆ.

ಒಂದು ಬೆಳೆಗೆ 150 ಮೊಟ್ಟೆ ಲೆಕ್ಕದ ಚಾಕಿ ಹುಳು, ಅಂದರೆ ಎಳೆಯ ಹುಳು ತರುತ್ತಾರೆ. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ತಾಯಿ ಪತಂಗ ಇಟ್ಟ ಅಷ್ಟೂ ಮೊಟ್ಟೆ. ಎಲ್ಲ ಸರಿಯಾಗಿ ಬಂದರೆ ನೂರು ಕೆಜಿ ಆಸುಪಾಸು ಗೂಡು. ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ದು ಕೆಜಿಗೆ 500 ರೂಪಾಯಿ ಸಿಕ್ಕರೆ 50 ಸಾವಿರ. ಅದರಲ್ಲಿ ಕೂಲಿ, ಗೊಬ್ಬರ, ಸುಣ್ಣ, ಬ್ಲೀಚಿಂಗ್ ಪುಡಿ, ಗಾಡಿ ಬಾಡಿಗೆ ಎಲ್ಲ ಕಳೆಯಬೇಕು. ರೇಟು ಬಿದ್ದ ವಾರ ಹೋದರೆ ಕೈಗೆ ಬರುವುದು ಕಡಿಮೆ. ಅದಕ್ಕೇ ಜೊತೆಗೆ ಇನ್ನೊಂದು ಆದಾಯ ಬೇಕಿತ್ತು.

ಈ ಮನೆಯಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಸಂಗತಿ ಬೇರೆ. ರೇಷ್ಮೆ ಮನೆಯವರು ಹೊಲಕ್ಕೆ ವಿಷ ಹೊಡೆಯುವುದಿಲ್ಲ. ಹೊಡೆದರೆ ಸೊಪ್ಪಿನ ಜೊತೆ ಅದು ನೇರ ಹುಳುವಿನ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಅವರ ಬದುಗಳ ಮೇಲೆ ಎಕ್ಕ, ಹರಳು, ತಂಗಡಿ, ತುಂಬೆ ಎಲ್ಲ ಅವುಗಳ ಪಾಡಿಗೆ ಬೆಳೆದಿದ್ದವು. ಯಾರೂ ಸಾಕದೆಯೂ ಅಲ್ಲಿ ಚಿಟ್ಟೆ ಇದ್ದವು. ಮೊದಲ ದಿನ ನಾನು ಅದನ್ನು ನೋಡಿದೆ, ಆದರೆ ಅದರ ಬೆಲೆ ನನಗೆ ಗೊತ್ತಾಗಲಿಲ್ಲ.

ವಿಡಿಯೋದಲ್ಲಿ ಕಂಡದ್ದು, ಕಾಣದ್ದು

ವಿಡಿಯೋ ಸುಳ್ಳಲ್ಲ. ಚಿಟ್ಟೆ ಸಾಕಿ ಬದುಕುವ ಹಳ್ಳಿಗಳು ನಿಜವಾಗಿಯೂ ಇವೆ. ಪಪುವಾ ನ್ಯೂಗಿನಿಯ ಸರ್ಕಾರ 1978ರಲ್ಲೇ ಬುಲೋಲೋ ಅನ್ನುವ ಊರಿನಲ್ಲಿ ಒಂದು ಸಂಸ್ಥೆ ತೆರೆದು, ಹಳ್ಳಿಯವರು ತಂದ ಚಿಟ್ಟೆ, ಕೀಟಗಳನ್ನು ಕೊಂಡು ಹೊರದೇಶಕ್ಕೆ ಮಾರಿತು. ಕೋಸ್ಟಾರಿಕಾದಲ್ಲಿ 1980ರ ದಶಕದಿಂದ ಪ್ಯೂಪಾ ರಫ್ತು ನಡೆಯುತ್ತಿದೆ. ಕೀನ್ಯಾದ ಅರಬುಕೊ ಸೊಕೊಕೆ ಕಾಡಿನ ಅಂಚಿನಲ್ಲಿ 1993ರಲ್ಲಿ ಕಿಪೆಪೆಯೋ ಯೋಜನೆ ಶುರುವಾಯಿತು. ಸ್ವಾಹಿಲಿ ಭಾಷೆಯಲ್ಲಿ ಕಿಪೆಪೆಯೋ ಅಂದರೆ ಚಿಟ್ಟೆ. ಕಾಡು ಉಳಿದರೆ ತಾಯಿ ಚಿಟ್ಟೆ ಸಿಗುತ್ತದೆ, ತಾಯಿ ಚಿಟ್ಟೆ ಸಿಕ್ಕರೆ ಸಂಪಾದನೆ. ಹೀಗೆ ಕಾಡು ಕಡಿಯುವ ಕೈಗೆ ಕಾಡು ಕಾಯುವ ಕಾರಣ ಕೊಟ್ಟದ್ದು ಆ ಯೋಜನೆಯ ಜಾಣತನ. ನನಗೆ ಅದು ತುಂಬಾ ಇಷ್ಟವಾಯಿತು.

ಆದರೆ ಪ್ಯೂಪಾ ವ್ಯಾಪಾರ ನಿಂತಿರುವುದು ಯುರೋಪ್, ಅಮೆರಿಕದ ಚಿಟ್ಟೆ ಮನೆಗಳ ಮೇಲೆ. ಅಲ್ಲಿ ಟಿಕೆಟ್ ಕೊಟ್ಟು ಜನ ಗಾಜಿನ ಮನೆಯೊಳಗೆ ಚಿಟ್ಟೆ ನೋಡಲು ಹೋಗುತ್ತಾರೆ. ಚಿಟ್ಟೆಯ ಆಯಸ್ಸು ಕಡಿಮೆ, ಹಾಗಾಗಿ ಪ್ಯೂಪಾ ಮತ್ತೆ ಮತ್ತೆ ಬೇಕು. ಪ್ಯೂಪಾ ಒಡೆದು ಚಿಟ್ಟೆಯಾಗಲು ಸಾಮಾನ್ಯವಾಗಿ ಒಂದೆರಡು ವಾರ. ಅಷ್ಟರೊಳಗೆ ಹಳ್ಳಿಯಿಂದ ಹೊರಟು ಸಮುದ್ರ ದಾಟಿ ತಲುಪಬೇಕು. ಕೊಳ್ಳುವವರು ದೂರದಲ್ಲಿ, ಮಾಲು ಬೇಗ ಕೆಡುವಂಥದ್ದು, ನಡುವೆ ಸರ್ಕಾರದ ಒಂದು ಕಾಗದ.

ಆ ಕಾಗದ ನಿಂತರೆ ಏನಾಗುತ್ತದೆ ಅಂತ ತಾಂಜಾನಿಯ ತೋರಿಸಿದೆ. ಅಲ್ಲಿ ಉಸಂಬರ ಬೆಟ್ಟಗಳ ಅಮಾನಿ ಕಾಡಿನ ಪಕ್ಕದ ಹಳ್ಳಿಗಳು ಹೀಗೇ ಪ್ಯೂಪಾ ಮಾರಿ ಬದುಕುತ್ತಿದ್ದವು. 2016ರಲ್ಲಿ ಆ ಸರ್ಕಾರ ಜೀವಂತ ಕಾಡುಪ್ರಾಣಿಗಳ ರಫ್ತನ್ನು ನಿಲ್ಲಿಸಿತು. ಚಿಟ್ಟೆಯೂ ಅದರೊಳಗೆ ಸಿಕ್ಕಿಕೊಂಡಿತು. ರೈತರು ಯಾವ ತಪ್ಪೂ ಮಾಡಿರಲಿಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೂಡಿನ ರೇಟು ಬಿದ್ರೂ ಒಂದ್ ರೇಟು ಅಂತ ಇರುತ್ತೆ. ಇದ್ರಲ್ಲಿ ಅದೂ ಇಲ್ಲ" ಅಂದರು.

ನಮ್ಮಲ್ಲಂತೂ ಆ ಬಾಗಿಲು ತೆರೆದೇ ಇಲ್ಲ. ಕಾಡುಜೀವಿಗಳನ್ನು, ಅವುಗಳ ಭಾಗಗಳನ್ನು ಹೊರದೇಶಕ್ಕೆ ಮಾರುವುದಕ್ಕೆ ಭಾರತದಲ್ಲಿ ನಿಷೇಧ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದರ ಪಟ್ಟಿಯಲ್ಲಿ ಚಿಟ್ಟೆಗಳ ಹೆಸರೂ ಸಾಲುಸಾಲಾಗಿ ಇವೆ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳು ಆರರಿಂದ ನಾಲ್ಕಾದವು. ಪಟ್ಟಿಯಲ್ಲಿರುವ ಚಿಟ್ಟೆಯನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ.

"ನಾವು ಪಟ್ಟಿಯಲ್ಲಿ ಇಲ್ದೇ ಇರೋದನ್ನೇ ಸಾಕ್ತೀವಿ" ಅಂದಳು ಮಗಳು. ಕೇಳಲು ಸುಲಭ. ಎಕ್ಕದ ಗಿಡದ ಕಿತ್ತಳೆ ಬಣ್ಣದ ಚಿಟ್ಟೆಯನ್ನೇ ತೆಗೆದುಕೊಳ್ಳಿ. ಪ್ಲೇನ್ ಟೈಗರ್ ಅನ್ನುತ್ತಾರೆ. ಎಕ್ಕದ ಹಾಲಿನ ವಿಷ ಅದರ ಮೈಯಲ್ಲಿ ಸೇರಿರುತ್ತದೆ, ಹಾಗಾಗಿ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಇದನ್ನೇ ಲಾಭ ಮಾಡಿಕೊಂಡು ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಥೇಟ್ ಇದರಂತೆಯೇ ವೇಷ ಹಾಕಿಕೊಂಡು ಹಾರಾಡುತ್ತದೆ. ಅದರ ಹೆಸರು ಡನಾಯ್ಡ್ ಎಗ್‌ಫ್ಲೈ. ಕಾಯ್ದೆಯ ಮೊದಲ ಪಟ್ಟಿಯಲ್ಲೇ ಬಹುಕಾಲ ಇದ್ದ ಚಿಟ್ಟೆ ಅದು. ಅದರ ಹುಳು ತಿನ್ನುವುದು ನಾವು ಸಾರಿಗೆ ಹಾಕುವ ಗೋಣಿ ಸೊಪ್ಪು. ಅಂದರೆ ಊರ ಹಿತ್ತಲಲ್ಲೇ ಇರುತ್ತದೆ. ಹಕ್ಕಿಯೇ ಮೋಸ ಹೋಗುವ ವೇಷ. ಡಬ್ಬಿ ಹಿಡಿದ ಮನುಷ್ಯ ಹೇಗೆ ಬೇರೆ ಮಾಡುತ್ತಾನೆ?

ದೇಶದೊಳಗೂ ಕೊಳ್ಳುವವರು ಕಾಣಲಿಲ್ಲ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನ 2006ರಿಂದ ಇದೆ. ಏಳೂವರೆ ಎಕರೆ, ನಡುವೆ ಹತ್ತು ಸಾವಿರ ಚದರಡಿಯ ದುಂಡು ಗುಮ್ಮಟ. ಅಲ್ಲಿಗೆ ಬೇಕಾದ ಹುಳುಗಳನ್ನು ಅಲ್ಲೇ ಬೆಳೆಸುತ್ತಾರೆ. ಇನ್ನು ಮದುವೆ ಮಂಟಪದಲ್ಲಿ ಡಬ್ಬಿ ತೆರೆದು ಚಿಟ್ಟೆ ಹಾರಿಸುವ ವ್ಯಾಪಾರದ ಮಾತು ಯಜಮಾನರು ಎತ್ತಿದರು. ಅದಕ್ಕೆ ನಾನು ಬೇಡ ಅಂದೆ. ಹೊತ್ತಲ್ಲದ ಹೊತ್ತಿನಲ್ಲಿ, ಮೇವಿನ ಗಿಡ ಇಲ್ಲದ ಜಾಗದಲ್ಲಿ, ಲೈಟಿನ ನಡುವೆ ಬಿಟ್ಟ ಚಿಟ್ಟೆ ಮೊಟ್ಟೆ ಇಡುವುದಾದರೂ ಎಲ್ಲಿ?

ಜಗಲಿಯ ಮೇಲಿನ ಬಲೆ

ಇಷ್ಟೆಲ್ಲ ಹೇಳಿಯೂ ಮಗಳ ಉತ್ಸಾಹ ಇಳಿಯಲಿಲ್ಲ. ಮಾರಲಿಕ್ಕಲ್ಲ, ನೋಡಲಿಕ್ಕೆ ಅಂತ ಒಪ್ಪಿಕೊಂಡೆವು. ಹಳೆ ಸೊಳ್ಳೆ ಪರದೆ ಹೊಲಿದು ಪೆಟ್ಟಿಗೆ ಮಾಡಿದಳು. ಹಿತ್ತಲ ಕರಿಬೇವಿನಿಂದ ನಿಂಬೆ ಚಿಟ್ಟೆಯ ಮೊಟ್ಟೆ ತಂದಳು, ಬದುವಿನ ಎಕ್ಕದಿಂದ ಎಕ್ಕದ ಚಿಟ್ಟೆಯ ಮೊಟ್ಟೆ. ಒಂದು ನೋಟ್‌ಬುಕ್ ಇಟ್ಟಳು. ಮೊಟ್ಟೆ ಕಂಡ ದಿನ, ಒಡೆದ ದಿನ, ಪೊರೆ ಬಿಟ್ಟ ದಿನ, ಎಲ್ಲ ಬರೆದಳು.

ಅತ್ತೆಗೆ ಮೊದಲು ಇದು ಹುಡುಗಾಟ ಅನಿಸಿತ್ತು. ನಾಲ್ಕೇ ದಿನಕ್ಕೆ ಪೆಟ್ಟಿಗೆಯ ಮುಂದೆ ಕೂರುವವರೇ ಅವರಾದರು. ನಲವತ್ತು ವರ್ಷ ರೇಷ್ಮೆ ಹುಳು ನೋಡಿದ ಕಣ್ಣು. "ನೋಡವ್ವ, ಇದೂ ಜ್ವರಕ್ಕೆ ಹೋಗುತ್ತೆ" ಅಂತ ನನಗೆ ತೋರಿಸಿದರು. ರೇಷ್ಮೆಯವರ ಮಾತಿನಲ್ಲಿ ಜ್ವರ ಅಂದರೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಕಾಯುವ ಹೊತ್ತು. ನಿಂಬೆ ಚಿಟ್ಟೆಯ ಹುಳು ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಕೊನೆಯ ಜ್ವರ ಎದ್ದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡುತ್ತದೆ. ಎಕ್ಕದ ಚಿಟ್ಟೆಯ ಪ್ಯೂಪಾ ತಿಳಿಹಸಿರು, ಅದರ ಮೇಲೆ ಬಂಗಾರದ ಚುಕ್ಕೆ. "ಗೂಡೇ ಕಟ್ಟಲ್ಲ, ಸುಮ್ನೆ ನೇತಾಡುತ್ತೆ. ಏನ್ ಧೈರ್ಯವ್ವ ಇದಕ್ಕೆ" ಅಂತ ಅತ್ತೆ ಬೆರಗಾದರು.

ಆ ಧೈರ್ಯಕ್ಕೆ ಬೆಲೆಯೂ ಇತ್ತು. ಹೊರಗಿನಿಂದ ತಂದ ದೊಡ್ಡ ಹುಳುಗಳಲ್ಲಿ ಬಹಳಷ್ಟರೊಳಗೆ ಮೊದಲೇ ಬೇರೆ ಜೀವ ಇತ್ತು. ಸಣ್ಣ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಇಟ್ಟಿರುತ್ತದೆ. ಹುಳು ತಿಂದದ್ದೆಲ್ಲ ಅದರ ಮರಿಗಳಿಗೆ. ಇನ್ನೊಂದು ಕಣಜ ಹುಳು ಪ್ಯೂಪಾ ಆಗುವ ತನಕ ಪಕ್ಕದಲ್ಲೇ ಕೂತು ಕಾಯುತ್ತದೆ. ಪ್ಯೂಪಾ ಮೆತ್ತಗಿರುವಾಗಲೇ ಚುಚ್ಚಿ ಮೊಟ್ಟೆ ಇಡುತ್ತದೆ. ಒಂದು ಬೆಳಿಗ್ಗೆ ಚಿಟ್ಟೆ ಬರುತ್ತದೆ ಅಂತ ಕಾದಿದ್ದ ಹುಡುಗಿಗೆ ಸಿಕ್ಕದ್ದು ತೂತು ಬಿದ್ದ ಪ್ಯೂಪಾ, ಅದರಿಂದ ಹೊರಬಂದ ಹತ್ತಾರು ಸಣ್ಣ ನೊಣದಂಥ ಕಣಜಗಳು. ಅವಳು ಅತ್ತಳು. ರೇಷ್ಮೆ ಹುಳುವಿನ ಮೇಲೆ ಹೀಗೇ ಮೊಟ್ಟೆ ಇಡುವ ಊಜಿ ನೊಣ ಗೊತ್ತಿರುವ ಅಕ್ಕನಿಗೆ ಇದು ಹೊಸತಾಗಿರಲಿಲ್ಲ. ಮಗಳ ಬೆನ್ನು ಸವರಿ, "ಮೊಟ್ಟೆ ಇರುವಾಗ್ಲೇ ತಗೊಂಡ್ ಬಾ, ದೊಡ್ಡ ಹುಳ ತರಬೇಡ" ಅಂದರು. ಮುಂದಿನ ಸಲ ಪೆಟ್ಟಿಗೆಯ ಬಹುಪಾಲು ಚಿಟ್ಟೆಗಳಾದವು.

ಈ ಹಂತದಲ್ಲಿ ನನ್ನಿಂದ ಒಂದು ತಪ್ಪಾಯಿತು. ಪರದೆ ಪೆಟ್ಟಿಗೆಗೆ ಗಾಳಿ ಬೇಕಲ್ಲ ಅಂತ, ಹುಳು ಮನೆಯ ಜಗಲಿಯಲ್ಲೇ ತೂಗು ಹಾಕಿ ಅಂತ ಹೇಳಿದವಳು ನಾನು. ತಂಗಡಿಯ ಹಳದಿ ಚಿಟ್ಟೆಯ ಹುಳುಗಳೂ ಆ ಪೆಟ್ಟಿಗೆ ಸೇರಿದ್ದವು. ಅದೇ ಕೈ, ಅದೇ ಕತ್ತಿ, ಅದೇ ಬುಟ್ಟಿ ಎರಡೂ ಕಡೆ ಓಡಾಡಿತು.

ಭಾದ್ರಪದದ ಬೆಳೆ ಮೂರನೇ ಜ್ವರ ಎದ್ದಾಗ ಹುಳುಗಳು ಒಂದೇ ಸಮ ಇರಲಿಲ್ಲ. ಕೆಲವು ದಪ್ಪ, ಕೆಲವು ಸಣ್ಣ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ. ಮೈಕ್ರೋಸ್ಕೋಪಿನಲ್ಲಿ ನೋಡಿದವರು ಗಂಟು ರೋಗ ಅಂದರು, ರೇಷ್ಮೆ ಹುಳುವಿನ ಪೆಬ್ರಿನ್ ಕಾಯಿಲೆ. ಇಡೀ ಬೆಳೆಯನ್ನು ಸುಡಬೇಕಾಯಿತು. ನಾನು ಅವತ್ತು ಅಲ್ಲಿದ್ದೆ. ಅಕ್ಕ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಗಂಟು ರೋಗ ಸಾಮಾನ್ಯವಾಗಿ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ಫ್ರಾನ್ಸಿನಲ್ಲಿ ರೇಷ್ಮೆ ಕೆಲಸವೇ ನೆಲಕಚ್ಚುವಂತಾದಾಗ 1865ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಇದರ ಹಿಂದೆ ಬಿದ್ದರು. ಮೊಟ್ಟೆ ಇಟ್ಟ ತಾಯಿ ಪತಂಗವನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು, ರೋಗ ಇಲ್ಲದ ತಾಯಿಯ ಮೊಟ್ಟೆ ಮಾತ್ರ ಉಳಿಸಿಕೊಳ್ಳುವುದು, ಇದು ಅವರು ತೋರಿಸಿದ ದಾರಿ. ಇವತ್ತಿಗೂ ನಾವು ರೋಗರಹಿತ ಮೊಟ್ಟೆ ಅನ್ನುವುದು ಅದನ್ನೇ. ಆದರೆ ಇದೇ ಬಳಗದ ಸೂಕ್ಷ್ಮಾಣು ಹೊಲದ ಬೇರೆ ಹುಳುಗಳಲ್ಲೂ ಇರುತ್ತದೆ. ತಂಗಡಿ, ಕಕ್ಕೆಯ ಮೇಲಿನ ಹಳದಿ ಚಿಟ್ಟೆಯ ಹುಳುವಿನಿಂದ ರೇಷ್ಮೆ ಹುಳುವಿಗೆ ಅಂಟುವ ಸಾಧ್ಯತೆ ಇದೆ. ಆ ಬೆಳೆ ನಮ್ಮ ಪೆಟ್ಟಿಗೆಯಿಂದಲೇ ಹೋಯಿತು ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ರೇಷ್ಮೆ ಮನೆಯ ಗೋಡೆಗೆ ಬೇರೆ ಹುಳು ತೂಗು ಹಾಕುವ ಸಲಹೆ ಕೊಡಲೇಬಾರದಿತ್ತು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಹುಳು ಸಾಕುವ ಕೈ ಇದೆ, ಹಾಗಾಗಿ ಚಿಟ್ಟೆಯನ್ನೂ ಸಾಕಬಹುದು ಅನ್ನುವ ಯೋಚನೆ ರೇಷ್ಮೆ ಊರುಗಳಲ್ಲೇ ಮೊದಲು ಹುಟ್ಟುತ್ತದೆ. ಅಪಾಯ ಇರುವುದೂ ಅಲ್ಲೇ.

ದಾಳಿಂಬೆ ತೋಟದವರ ಸಿಟ್ಟು

ಹುಳು ಮನೆಗೆ ಸುಣ್ಣ, ಬ್ಲೀಚಿಂಗ್ ಹೊಡೆದು ಮುಗಿಸುವ ಹೊತ್ತಿಗೆ ಪಕ್ಕದ ಹೊಲದವರು ಬಂದರು. ಅವರದು ದಾಳಿಂಬೆ. ಕೈಯಲ್ಲಿ ತೂತು ಬಿದ್ದ, ಕೊಳೆತು ನಾರುವ ಕಾಯಿ. "ನೀವು ಚಿಟ್ಟೆ ಸಾಕೋದು, ನಮ್ಮ ಕಾಯಿ ಉದುರೋದು" ಅಂತ ಕೂಗಾಡಿದರು.

ಅವರ ಸಿಟ್ಟು ಸುಳ್ಳಿನ ಮೇಲೆ ನಿಂತಿರಲಿಲ್ಲ. ದಾಳಿಂಬೆ ಕಾಯಿ ಕೊರೆಯುವ ಹುಳು ಚಿಟ್ಟೆಯದೇ ಮರಿ. ಆ ಚಿಟ್ಟೆ ಹೂವಿನ ಮೇಲೆ, ಎಳೆ ಕಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳು ಒಳಗೆ ಹೊಕ್ಕು ಕಾಳು ತಿನ್ನುತ್ತದೆ. ತೂತಿನಿಂದ ಹಿಕ್ಕೆ ಹೊರಬೀಳುತ್ತದೆ, ಕಾಯಿ ಕೊಳೆತು ಉದುರುತ್ತದೆ. ಚಿಟ್ಟೆ ಅಂದರೆ ಬರೀ ಚೆಂದ ಅಂತ ಬರೆಯುವವರು ಒಮ್ಮೆ ಹೊಸದುರ್ಗದ ದಾಳಿಂಬೆ ತೋಟಕ್ಕೆ ಬಂದು ನೋಡಬೇಕು.

ಹುಡುಗಿ ವಾದ ಮಾಡಲಿಲ್ಲ. ಎಕ್ಕದ ಹುಳು ನಾಲ್ಕನ್ನು ಒಂದು ಡಬ್ಬಿಗೆ ಬಿಟ್ಟು, ಅವರದೇ ತೋಟದ ದಾಳಿಂಬೆ ಕಾಯಿ, ಎಲೆ ಹಾಕಿ, ಮುಚ್ಚಳಕ್ಕೆ ತೂತು ಕೊರೆದು ಅವರ ಕೈಗೇ ಕೊಟ್ಟಳು. ಸಂಜೆ ಅವರೇ ವಾಪಸ್ ತಂದರು. ಹುಳು ಕಾಯಿಯ ಮೇಲೆಲ್ಲ ಓಡಾಡಿದ್ದವು, ಒಂದು ಕಚ್ಚೂ ಇರಲಿಲ್ಲ. ಅವಳು ಎಕ್ಕದ ಎಲೆ ಹಾಕಿದ ಕೂಡಲೇ ತಿನ್ನಲು ಶುರು ಮಾಡಿದವು. ಚಿಟ್ಟೆಯ ಹುಳು ಹಾಗೇ. ಒಂದೊಂದು ಜಾತಿಗೂ ಅದರದೇ ಗಿಡ. ನಿಂಬೆ ಚಿಟ್ಟೆಗೆ ನಿಂಬೆ, ಕರಿಬೇವು, ಬಿಲ್ವ. ಕಾಮನ್ ಕ್ಯಾಸ್ಟರ್ ಅನ್ನುವ ಚಿಟ್ಟೆಗೆ ಹರಳು. ರೇಷ್ಮೆಗೆ ಹಿಪ್ಪುನೇರಳೆ ಇದ್ದ ಹಾಗೆ.

ಈಗ ಅವರು ಕಾಯಿಗೆ ಚೀಲ ಕಟ್ಟುತ್ತಾರೆ, ಉದುರಿದ ಕಾಯಿ ಆಯ್ದು ಹೂಳುತ್ತಾರೆ. ಔಷಧಿ ಹೊಡೆಯುವುದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಹೊಡೆಯುವ ಹಿಂದಿನ ದಿನ ಅಕ್ಕನಿಗೆ ಫೋನ್ ಮಾಡುತ್ತಾರೆ. ಗಾಳಿ ಆ ಕಡೆಯಿಂದ ಬೀಸುವ ದಿನ ಆ ಅಂಚಿನ ಸೊಪ್ಪು ಕೊಯ್ಯುವುದಿಲ್ಲ. ಹುಳು ಮನೆಗೆ ಇದರಿಂದ ಆದ ಅನುಕೂಲ ಕಡಿಮೆಯದಲ್ಲ.

ಮಾರಿದ್ದು ಗಿಡ

ಆ ಡಬ್ಬಿಯ ಸಂಗತಿಯೇ ನಮ್ಮ ಯೋಚನೆಯನ್ನು ತಿರುಗಿಸಿತು. ಚಿಟ್ಟೆ ಗಿಡದ ಹಿಂದೆ ಬರುತ್ತದೆ. ಚಿಟ್ಟೆ ಮಾರಲು ದಾರಿ ಇಲ್ಲ, ಗಿಡ ಮಾರಲು ಯಾರ ಅಡ್ಡಿಯೂ ಇಲ್ಲ. ಈಶ್ವರಿ ಬಳ್ಳಿ ನೆಟ್ಟರೆ ಕಪ್ಪು ರೆಕ್ಕೆ, ಕೆಂಪು ಮೈಯ ಕ್ರಿಮ್ಸನ್ ರೋಸ್ ಬರುತ್ತದೆ. ಅದೂ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಬಹುಕಾಲ ಇದ್ದ ಚಿಟ್ಟೆಯೇ. ಹಿಡಿದರೆ ತಪ್ಪು, ಬಳ್ಳಿ ನೆಟ್ಟು ಕರೆದರೆ ತಪ್ಪಲ್ಲ.

ಮೂಡಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಹೀಗೆ ಬಲೆ, ಗುಮ್ಮಟ ಏನೂ ಇಲ್ಲದೆ ಗಿಡ ನೆಟ್ಟೇ ಮಾಡಿದ ಖಾಸಗಿ ಚಿಟ್ಟೆ ಉದ್ಯಾನ ಇದೆ. ಆದರೆ ಅದು ಕರಾವಳಿ ಮಳೆಯ ಸೀಮೆ. ನಮ್ಮಲ್ಲಿ ಅದರ ಕಾಲು ಭಾಗವೂ ಮಳೆ ಇಲ್ಲ. ಅಲ್ಲಿನ ಗಿಡಗಳ ಪಟ್ಟಿ ತಂದು ಇಲ್ಲಿ ನೆಟ್ಟರೆ ಒಣಗಿ ಹೋಗುತ್ತದೆ. ನಾವು ಆರಿಸಿದ್ದು ಈ ನೆಲದಲ್ಲಿ ಬಾಳುವಂಥವು. ಕರಿಬೇವು, ಬಿಲ್ವ, ನಿಂಬೆ, ಕಕ್ಕೆ, ಈಶ್ವರಿ ಬಳ್ಳಿ ಹುಳುವಿನ ಮೇವಿಗೆ. ರತ್ನಗಂಧಿ, ಕೇಪಳ, ತುಂಬೆ ಚಿಟ್ಟೆ ಹೀರುವ ಮಕರಂದಕ್ಕೆ. ಲಂಟಾನ ಬೇಡ ಅಂದೆ. ಅದಕ್ಕೆ ಚಿಟ್ಟೆ ಮುತ್ತುವುದು ನಿಜ, ಆದರೆ ಅದು ನಮ್ಮ ಗುಡ್ಡಗಳನ್ನು ಈಗಾಗಲೇ ನುಂಗುತ್ತಿದೆ. ಗಂಟು ರೋಗ ನೋಡಿದ ಮೇಲೆ ತಂಗಡಿ, ಕಕ್ಕೆ ಸಸಿಗಳನ್ನೆಲ್ಲ ಹುಳು ಮನೆಯಿಂದ ದೂರ, ಹೊಲದ ಆ ತುದಿಗೆ ಇಟ್ಟರು.

ಆರು ಗುಂಟೆ ಜಾಗ, ಹಳೆ ಸೀರೆ ಕಟ್ಟಿದ ನೆರಳು, ಹಿಪ್ಪುನೇರಳೆಗೆ ಹಾಕಿದ ಡ್ರಿಪ್‌ನಿಂದಲೇ ಒಂದು ಪೈಪ್. ಪೈಪಿನ ಜಾಯಿಂಟ್ ಸೋರಿ ನೆಲ ಒದ್ದೆಯಾದ ಕಡೆ ಗಂಡು ಚಿಟ್ಟೆಗಳು ಗುಂಪಾಗಿ ಕೂತು ಮಣ್ಣಿನ ಉಪ್ಪು ಹೀರುತ್ತಿದ್ದವು. ಯಜಮಾನರು ಆ ಜಾಯಿಂಟ್ ರಿಪೇರಿ ಮಾಡಲು ಹೋದಾಗ ಮಗಳು ಬಿಡಲಿಲ್ಲ.

ಮೊದಲ ವರ್ಷ 900 ಸಸಿ ಎಬ್ಬಿಸಿದರು, 640 ಮಾರಿದರು. ಸರಾಸರಿ 25 ರೂಪಾಯಿಗೆ ಒಂದು, ಒಟ್ಟು 16 ಸಾವಿರ. ಚೀಲ, ಮಣ್ಣು, ಗೊಬ್ಬರಕ್ಕೆ ನಾಲ್ಕೂವರೆ ಸಾವಿರ ಹೋಯಿತು. ದಾವಣಗೆರೆಯ ಒಂದು ಹೊಸ ಬಡಾವಣೆಯವರು ಪಾರ್ಕಿಗೆ ಅಂತ ಒಮ್ಮೆಗೇ 200 ಸಸಿ ಕೊಂಡರು. ತಿಂಗಳಿಗೇ ಅವರ ಕಡೆಯವರು ಫೋನ್ ಮಾಡಿ, "ನೀವು ಕೊಟ್ಟ ಕರಿಬೇವಿಗೆ ಹುಳ ಹತ್ತಿದೆ" ಅಂತ ಬೇಸರಪಟ್ಟರು. ಅವತ್ತಿನಿಂದ ಮಗಳು ಪ್ರತಿ ಸಸಿಗೂ ಒಂದು ಚೀಟಿ ಕಟ್ಟುತ್ತಾಳೆ. "ಈ ಗಿಡಕ್ಕೆ ಹುಳು ಬರುತ್ತದೆ. ಹುಳು ಬರಲಿ ಅಂತಲೇ ಈ ಗಿಡ. ಎಲೆ ಮತ್ತೆ ಚಿಗುರುತ್ತದೆ." ಅವಳದೇ ಅಕ್ಷರ, ಅವಳದೇ ಮಾತು.

ಐದು ಸಲ ಶಾಲೆ ಮಕ್ಕಳು ಬಂದರು. ಒಂದು ಸಲಕ್ಕೆ ನಲವತ್ತು ಮಕ್ಕಳು, ತಲೆಗೆ 30 ರೂಪಾಯಿ, ಅದರಲ್ಲೇ ಅತ್ತೆ ಮಾಡಿದ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಆರು ಸಾವಿರ ಬಂತು, ಖರ್ಚು ಕಳೆದು ಮೂರೂವರೆ ಉಳಿಯಿತು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಎಲ್ಲಿ ಅಂತ ಮಕ್ಕಳು ಪ್ರತಿ ಸಲ ಕೇಳುತ್ತಾರೆ. ಅದು ಸಹ್ಯಾದ್ರಿ ಕಡೆಯ ಕಾಡಿನದು, ಇಲ್ಲಿಗೆ ಬರುವುದಿಲ್ಲ ಅಂತ ಹುಡುಗಿ ಹೇಳುತ್ತಾಳೆ. ಎಕ್ಕದ ಎಲೆ ಮಗುಚಿ ಬಂಗಾರದ ಚುಕ್ಕೆಯ ಪ್ಯೂಪಾ ತೋರಿಸಿದ ಮೇಲೆ ಯಾರೂ ಬರ್ಡ್‌ವಿಂಗ್ ಕೇಳುವುದಿಲ್ಲ.

ಉಳಿದದ್ದು ಕರಿಬೇವು. ಹಿತ್ತಲಲ್ಲಿ ಐದು ಸಾಲು ಹಾಕಿದ್ದರು. ನಾಲ್ಕು ಸಾಲಿನ ಸೊಪ್ಪು ವಾರದ ಸಂತೆಗೆ. ಐದನೆಯದಕ್ಕೆ ಹುಳುವಿನ ಸಾಲು ಅಂತಲೇ ಹೆಸರು. ಮಾರುವ ಸಾಲಿನಲ್ಲಿ ಹುಳು ಕಂಡರೆ ರೆಂಬೆ ಸಮೇತ ಎತ್ತಿ ಅಲ್ಲಿಗೆ ಬಿಡುತ್ತಾರೆ. ಔಷಧಿ ಇಲ್ಲದ ಸೊಪ್ಪು ಅಂತ ಸಂತೆಯಲ್ಲಿ ಒಂದಿಬ್ಬರು ಹೋಟೆಲಿನವರು ಕಾದು ಕೊಳ್ಳುತ್ತಾರೆ. ವರ್ಷಕ್ಕೆ ಎಂಟು ಸಾವಿರ. ಇದರ ಜೊತೆ ಶನಿವಾರ ಆಂಜನೇಯನ ಗುಡಿಗೆ ಅತ್ತೆ ಕಟ್ಟುವ ಎಕ್ಕದ ಹಾರ. ಆ ದುಡ್ಡಿಗೆ ಲೆಕ್ಕ ಇಲ್ಲ, ಅದು ಅವರ ಎಲೆಅಡಿಕೆ ಚೀಲಕ್ಕೆ.

ಎಲ್ಲ ಸೇರಿ, ಖರ್ಚು ಕಳೆದು ವರ್ಷಕ್ಕೆ 23 ಸಾವಿರ. ಮನೆಯವರ ದುಡಿಮೆಗೆ ಕೂಲಿ ಹಾಕಿಲ್ಲ. ಚೆನ್ನಾಗಿ ಬಂದ ಒಂದೇ ಒಂದು ರೇಷ್ಮೆ ಬೆಳೆಯಲ್ಲಿ ಉಳಿಯುವ ಹಣಕ್ಕಿಂತ ಇದು ಜಾಸ್ತಿ ಏನಲ್ಲ. ವಿಡಿಯೋದ ಲಕ್ಷ ಇಲ್ಲಿಲ್ಲ. ಆದರೆ ಈ ಹಣ ರಾಮನಗರದ ರೇಟು ನೋಡಿ ಬರುವುದಿಲ್ಲ. ಬೆಳೆ ಸುಟ್ಟ ವರ್ಷ ಮಗಳ ಕಾಲೇಜು ಫೀಸು ಹೋದದ್ದು ಇದರಿಂದಲೇ. ರೇಷ್ಮೆಯನ್ನು ಬಿಟ್ಟು ಇದನ್ನೇ ಹಿಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬದು ಇದ್ದವರು, ವಿಷ ಹೊಡೆಯದವರು, ಮನೆಯಲ್ಲಿ ಸಸಿಗೆ ನೀರು ಹಾಕಲು ಒಂದು ಕೈ ಇದ್ದವರು ಮಾಡಬಹುದು. ಊರಿಗೆ ಒಂದೆರಡು ಮನೆ ಸಾಕು. ಎಲ್ಲರೂ ಕರಿಬೇವಿನ ಸಸಿ ಎಬ್ಬಿಸಿದರೆ ಕೊಳ್ಳುವವರು ಯಾರು?

ಬೇಸಿಗೆ ಇನ್ನೂ ಕಷ್ಟವೇ. ಮಾರ್ಚ್‌ನಿಂದ ಮೇ ತನಕ ಎಕ್ಕ ಬಿಟ್ಟರೆ ಹಸಿರು ಕಡಿಮೆ, ಚಿಟ್ಟೆಯೂ ಕಡಿಮೆ, ಶಾಲೆಗೂ ರಜೆ. ಆ ಮೂರು ತಿಂಗಳು ನೆರಳಿನ ಸಸಿ ಉಳಿಸಿಕೊಳ್ಳುವುದೇ ಕೆಲಸ. ಮಳೆಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಹೋಗುವ ನೀಲಿ ಚಿಟ್ಟೆಗಳ ಗುಂಪು ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಿಂದಕ್ಕೆ ಹೊರಡುತ್ತದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುವ ಗಿಡ ಬದುವಿನಲ್ಲಿ ಇದೆಯಲ್ಲ, ಅದನ್ನು ಕಂಡರೆ ಗಂಡುಗಳು ಇಳಿಯುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ರಸ ಆ ಗಿಡದಲ್ಲಿದೆ. ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಮಗಳು ಎಣಿಸಲು ಕೂತು, ಇನ್ನೂರಕ್ಕೆ ಬಂದಾಗ ಬಿಟ್ಟುಬಿಟ್ಟಳು. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ "ಲೆಕ್ಕ ತಪ್ಪಿತು, ತುಂಬಾ ಇದ್ದವು" ಅಂತ ಬರೆದಿದ್ದಾಳೆ.

ಹೋದ ತಿಂಗಳು ಹೊಳಲ್ಕೆರೆ ಕಡೆಯ ಇನ್ನೊಂದು ಸಂಘದ ಹೆಂಗಸು ಅದೇ ವಿಡಿಯೋ ತೋರಿಸಿದರು. ಅವರದೂ ರೇಷ್ಮೆ ಮನೆ. ನಾನು ಏನೂ ಹೇಳದೆ ಬಸ್ ಹತ್ತಿಸಿಕೊಂಡು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಬಂದವರು ಎಕ್ಕದ ಗಿಡದ ಹುಳು ಮುಟ್ಟಿ ನೋಡಿದರು, ಈಶ್ವರಿ ಬಳ್ಳಿ ನೋಡಿದರು, ಆಮೇಲೆ ಹುಳು ಮನೆ ನೋಡಬೇಕು ಅಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಪಕ್ಕದ ಬಕೆಟ್ ಕಡೆ ಕೈ ತೋರಿಸಿ, "ಮೊದ್ಲು ಕೈ ತೊಳ್ಕೊಳ್ಳಿ. ಚಪ್ಲಿ ಅಲ್ಲೇ ಬಿಡಿ. ಆಮೇಲೆ ಎಲ್ಲಾ ಹೇಳ್ತೀನಿ" ಅಂದರು.